ಕಂಬದ ತುದಿಯ ಎರಡು ಗೀಟು

ನನ್ನ ಸೋದರಮಾವನಿಗೆ ನೆಲದ ಮೇಲೆ ನಿಂತು ಕೆಲಸ ಮಾಡಿ ಗೊತ್ತಿಲ್ಲ. ಸರ್ಕಾರಿ ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷದಿಂದ ಲೈನ್‌ಮನ್. ಮನೆಯ ರೇಡಿಯೊ ಕೆಟ್ಟರೂ ಮೊದಲು ಏಣಿ ಕೇಳುವ ಆಸಾಮಿ. ಬೀದಿಯವರಿಗೆಲ್ಲ ಕಂಬದಣ್ಣ, ನನಗೆ ಕಂಬದ ಮಾವ. ಆ ಅಭ್ಯಾಸವೇ ಅಮ್ಮನ ಕುತ್ತಿಗೆಗೆ ಬಂತು.

ಅಮ್ಮನಿಗೆ ಉಬ್ಬಸ. ನಾನು ಕೆಲಸಕ್ಕೆ ಹೋದ ಮೇಲೆ ಅವಳ ಜೊತೆಗಿರುವುದು ಮಂಚದ ಪಕ್ಕದ ತಂತಿ ಫೋನ್ ಒಂದೇ. ಉಸಿರು ಕಟ್ಟಿದಾಗ ಅದನ್ನೆತ್ತಿ ಆಸ್ಪತ್ರೆಗೆ ಹೇಳಿ ಎರಡು ಸಲ ಬದುಕಿದ್ದಾಳೆ. ನಮ್ಮ ಮನೆ ಎರಡು ಗೋದಾಮುಗಳ ನಡುವಿನ ತಗ್ಗಿನಲ್ಲಿದೆ. ಅಲ್ಲಿ ಮೊಬೈಲು ಟೈಮ್ ನೋಡಲಿಕ್ಕಷ್ಟೇ.

ಹೋದ ವರ್ಷ ಇಲಾಖೆ ಲೈನ್‌ಮನ್‌ಗಳ ಕೈಗೆ ಒಂದು ನಮೂನೆ ಕೊಟ್ಟಿತು. "ಕಂಬದ ಬಳಿ ಖಾಸಗಿ ಕಂಪನಿಯ ಸಿಗ್ನಲ್ ಇದೆಯೇ?" ಯಾಕೆಂದು ಯಾರೂ ಹೇಳಲಿಲ್ಲ. ಕಂಬ ಎಂದ ಮೇಲೆ ಮಾವ ಕೆಳಗೆ ನಿಲ್ಲುತ್ತಾನೆಯೇ? ತುದಿಗೆ ಹತ್ತಿದ. ಗೋದಾಮಿನ ತಗಡಿಗಿಂತ ಮೇಲೆ ಅವನ ಮೊಬೈಲಿನಲ್ಲಿ ಸಿಗ್ನಲ್ಲಿನ ಎರಡು ಗೀಟು ಕಂಡವು. 'ಇದೆ' ಎಂದು ಬರೆದು ದುಂಡಗೆ ಸಹಿ ಹಾಕಿದ.

ಮೂರು ತಿಂಗಳಿಗೆ ಸರ್ಕಾರದ ನೀತಿ ಹೊರಬಿತ್ತು. ಸಿಗ್ನಲ್ ಇರುವ ಬೀದಿಗಳಲ್ಲಿ ಇಲಾಖೆ ತನ್ನ ತಂತಿ ತೆಗೆಯಬೇಕು, ಕಂಬಗಳನ್ನು ಕಂಪನಿಗೆ ಬಿಟ್ಟುಕೊಡಬೇಕು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ! ಮಾವನಿಗೆ ಕೆಟ್ಟ ಮೇಲೆ ಬುದ್ಧಿ ಬಂತು. ಕಚೇರಿಗೆ ಓಡಿದ.

"ಅದು ಮೇಲೆ ಹತ್ತಿ ನೋಡಿದ್ದು ಸಾರ್. ಕೆಳಗೆ ಏನೂ ಸಿಗಲ್ಲ. ನಮ್ಮಕ್ಕನ ಮನೆ ಅದು."

ಅಧಿಕಾರಿ ಕಂಪ್ಯೂಟರಿನ ನಕ್ಷೆಯನ್ನು ಅವನ ಕಡೆ ತಿರುಗಿಸಿದರು. ನಮ್ಮ ಬೀದಿ ಹಸಿರಾಗಿತ್ತು. "ನಿಮ್ಮದೇ ಸಹಿ ಅಲ್ವೇನ್ರೀ? ನಕ್ಷೆ ಈಗ ಕಂಪನಿಯವರ ಹತ್ರ ಇದೆ. ನಾನು ತಿದ್ದೋಕಾಗಲ್ಲ."

ಅಮ್ಮನ ತಂತಿ ಫೋನಿನಿಂದಲೇ ನಾನು ಕಂಪನಿಗೆ ಕರೆ ಮಾಡಿದೆ. "ಮೇಡಂ, ನಿಮ್ಮ ಬೀದಿ ನಮ್ಮ ವ್ಯಾಪ್ತಿಯಲ್ಲೇ ಇದೆ" ಎಂದಳು ಆ ಕಡೆಯ ಹುಡುಗಿ. ಮೈಯೆಲ್ಲ ಉರಿದುಹೋಯಿತು, ಬಾಯಿಗೆ ಬಂದಂತೆ ಬೈದೆ. ಅವಳಾದರೂ ಏನು ಮಾಡಿಯಾಳು? ಅವಳ ಎದುರಿಗಿದ್ದದ್ದೂ ಅದೇ ಹಸಿರು.

ತಂತಿ ಬಿಚ್ಚುವ ಕೆಲಸ ಮಾವನ ಪಾಲಿಗೇ ಬಂತು. "ಬೇರೆಯವರು ಬಂದ್ರೆ ಗೋಡೆ ಕಿತ್ತು ಹಾಕ್ತಾರೆ ಅಕ್ಕ" ಎಂದ, ಅದೇ ದೊಡ್ಡ ಉಪಕಾರ ಎಂಬಂತೆ.

"ಜೋಪಾನ ಕಣೋ, ನಿಧಾನ ಹತ್ತು" ಎಂದಳು ಅಮ್ಮ. ತಮ್ಮ ಬೀಳದಿದ್ದರೆ ಸಾಕಿತ್ತು ಅವಳಿಗೆ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಅಳುವೂ ಬಂತು.

ತಂತಿಯ ಸುರುಳಿ ಹೆಗಲಿಗೇರಿಸಿಕೊಂಡ ಮೇಲೂ ಅವನು ಇಳಿಯಲಿಲ್ಲ. ತಂತಿ ಫೋನಿನ ಬದಲಿಗೆಂದು ಕೊಂಡಿದ್ದ ಅಮ್ಮನ ಹೊಸ ಮೊಬೈಲಿಗೆ ತುದಿಯಿಂದಲೇ ಕರೆ ಮಾಡಿದ. ಸ್ಪೀಕರ್ ಹಾಕಿದ್ದ, ಕೆಳಗಿದ್ದ ನನಗೂ ಕೇಳಿಸಿತು. "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ."

ಅಮ್ಮ ಕಂಬದ ಬುಡದಲ್ಲೇ ಇದ್ದಳು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತಿ ಕೂಗಿದಳು: "ಮಾಡಿದ್ಯೇನೋ?"

"ಮಾಡ್ತಾ ಇದೀನಿ ಅಕ್ಕ" ಎಂದು, ಮಾವ ಮತ್ತೆ ಅದೇ ನಂಬರ್ ಒತ್ತಿದ.