ಕುಂಕುಮ ಕೊಟ್ಟು ಕರೆದ ಕ್ಯಾಂಪು

ಬೆಳಿಗ್ಗೆ ಹಳೆಯ ಬ್ಯಾಗು ಕೊಡವಿದೆ ನೋಡಿ, ಮೂಲೆಯಿಂದ ಒಂದು ಚಿಟಿಕೆ ಕುಂಕುಮ ಉದುರಿತು. ಆರೋಗ್ಯ ಸಂಸ್ಥೆಯಲ್ಲಿ ದುಡಿಯುವವಳ ಬ್ಯಾಗಿನಲ್ಲಿ ಕುಂಕುಮ ಯಾಕೆ ಅಂತೀರಾ? ಅದು ನನ್ನ ಬುದ್ಧಿವಂತಿಕೆಯ ಪಳೆಯುಳಿಕೆ.

ಆಗ ನಮ್ಮ ತಪಾಸಣಾ ಬಸ್ಸು ಬೆಟ್ಟದಪುರದಾಚೆಯ ಒಂದು ಹಳ್ಳಿಗೆ ಹೋಗುತ್ತಿತ್ತು. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವುದು ಕೆಲಸ. ಅದನ್ನೇ ಬಸ್ಸಿನ ಮೈಮೇಲೆ ಗಜಗಾತ್ರದ ಅಕ್ಷರದಲ್ಲಿ ಬರೆಸಿದ್ದೆವು. ಕಂಡ ಹೆಂಗಸರೆಲ್ಲ ಸೆರಗು ಹೊದ್ದು ಬೇರೆ ಬೀದಿ ಹಿಡಿಯುತ್ತಿದ್ದರು. ಮೂರು ಸಲ ಹೋದರೂ ಬಸ್ಸು ಹತ್ತಿದ್ದು ಒಂದು ಕೋಳಿ ಮಾತ್ರ.

ಕೊನೆಗೆ ಊರಿನ ಸ್ತ್ರೀಶಕ್ತಿ ಸಂಘದ ಮೊರೆ ಹೊಕ್ಕೆವು. ಅದರ ಅಧ್ಯಕ್ಷೆ ಜಯಮ್ಮ, "ಮೇಡಮ್ನೋರೆ, ಮೈಕಲ್ಲಿ ಕೂಗುದ್ರೆ ಯಾರ್ ಬತ್ತಾರೆ? ಮನೆಮನೆಗೋಗಿ ಕರೀಬೇಕು ಕಣ್ರೀ" ಎಂದರು.

"ಹಾಗಾದರೆ ಕುಂಕುಮ ಕೊಟ್ಟೇ ಕರೆಯೋಣ" ಎಂದೆ ನಾನು. ಕುಂಕುಮ ಕೊಟ್ಟು ಕರೆದರೆ ಬರೋಲ್ಲ ಎನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಭರಣಿ ಹಿಡಿದು ಊರೆಲ್ಲ ಸುತ್ತಿದೆವು. ಕ್ಯಾಂಪಿನ ದಿನ ನೀವು ನೋಡಬೇಕಿತ್ತು! ರೇಷ್ಮೆ ಸೀರೆ, ಮುಡಿ ತುಂಬ ಹೂವು. ಒಬ್ಬಾಕೆಯಂತೂ ತಾಂಬೂಲಕ್ಕೆ ಚೀಲವನ್ನೂ ತಂದಿದ್ದಳು. ನಾನು ಬೀಗಿದ್ದೇ ಬೀಗಿದ್ದು.

ಅಷ್ಟರಲ್ಲಿ ಕೆಂಪಮ್ಮ ಬಂದರು, ಹೊಗೆಸೊಪ್ಪು ಮುರಿದ ಕೈಯ ಅಂಟನ್ನೂ ತೊಳೆಯದೆ. ಗಂಡ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಕುಂಕುಮ ಮುತ್ತೈದೆಯರಿಗೆ ತಾನೆ? ಅವರ ಮನೆಯೊಂದನ್ನು ಬಿಟ್ಟು ಮುಂದೆ ಹೋಗಿದ್ದೆವು.

"ಏನವ್ವಾ ಜಯಮ್ಮ, ಗಂಡ ಸತ್ರೆ ಗರ್ಭಕೋಸಾನೂ ಜೊತೇಲೇ ಸುಡುಗಾಡಿಗೋಯ್ತದಾ?"

ಜಯಮ್ಮ ನನ್ನ ಮುಖ ನೋಡಿದರು, ನಾನು ಬಸ್ಸಿನ ಚಕ್ರ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೆಂಪಮ್ಮ ರೇಷ್ಮೆ ಸೀರೆಗಳ ಸಾಲು ದಾಟಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದರು.

ಅವತ್ತು ತೊಂದರೆ ಕಂಡದ್ದು ಅವರೊಬ್ಬರಲ್ಲೇ. ಇನ್ನೂ ಶುರುವಿನಲ್ಲೇ ಇತ್ತು. ಮೈಸೂರಿನಲ್ಲಿ ಚಿಕಿತ್ಸೆಯಾಗಿ ಗುಣವಾದರು. ಕರೆಯದಿದ್ದರೂ ಬಂದದ್ದಕ್ಕೆ ಉಳಿದರು.

ಈಗ ಸಂಘದ ಪರವಾಗಿ ಊರನ್ನು ಕರೆಯುವವರು ಕೆಂಪಮ್ಮನೇ. ಭರಣಿ ಗಿರಣಿ ಏನೂ ಇಲ್ಲ, ಬಾಗಿಲಲ್ಲಿ ನಿಂತು ಬಯ್ದರೆ ಸಾಕು. ಇವತ್ತು ಮತ್ತೆ ಕ್ಯಾಂಪು. ಬೆಳಿಗ್ಗೆಯೇ ಅವರ ಫೋನು ಬಂತು.

"ಅಲ್ಲ ಮೇಡಮ್ನೋರೆ, ಇಷ್ಟ್ ವರ್ಸದಿಂದ ಊರೋರ್ನೆಲ್ಲಾ ಬಸ್ ಅತ್ತುಸ್ತೀರಲ್ಲ, ನೀವ್ ಒಂದ್ ಸಲನಾದ್ರೂ ಪರೀಕ್ಷೆ ಮಾಡುಸ್ಕಂಡಿದ್ದೀರಾ?"

"ಅದು... ನನ್ನನ್ನು ಯಾರೂ ಕರೆಯಲಿಲ್ಲವಲ್ಲ ಕೆಂಪಮ್ಮ" ಎಂದು ನಗಲು ನೋಡಿದೆ.

"ನನ್ನೂ ಕರ್ದಿರ್ನಿಲ್ಲ. ಬನ್ನಿ ಸುಮ್ಕೆ."

ಬ್ಯಾಗು ಕೊಡವಿದ್ದು ಅದಕ್ಕೇ. ಹೊರಟೆ, ಈ ಸಲ ಬಸ್ಸು ಹತ್ತುವವಳು ನಾನೇ.