ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಲ್ಲಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಮೈಸೂರಿನವರಲ್ಲಿ ಎರಡು ಬಗೆ. ಹತ್ತಿ, ಕೈಮುಗಿದು, ಬಸ್ಸಲ್ಲಿ ಇಳಿಯುವವರು ಒಂದು. ಹತ್ತಿದ ಹಾಗೇ ನಡೆದು ಇಳಿಯುವವರು ಇನ್ನೊಂದು. ನಾನು ಮೊದಲನೆಯ ಬಗೆ, ಅದರ ಬಗ್ಗೆ ನನಗೆ ಜಂಬವೂ ಇತ್ತು. ಇಳಿಯುವುದರಲ್ಲಿ ಏನಿದೆ ಮಣ್ಣು? ಉರುಳಿಬಿಟ್ಟರೆ ಕಲ್ಲೂ ಇಳಿಯುತ್ತದೆ.

ನಾವು ಮೂವರು. ನಾನು, ಮೇಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವನು. ಹಿನಕಲ್ಲಿನ ಗೆಳೆಯ, ನನಗಿಂತ ಹದಿನೈದು ವರ್ಷ ಚಿಕ್ಕವನು, ಅಪ್ಪ ರಾಗಿ ಬೆಳೆದ ಜಾಗದಲ್ಲೇ ಟೈರ್ ಅಂಗಡಿ ಇಟ್ಟಿದ್ದಾನೆ. ಮತ್ತೆ ಕೃಷ್ಣಮೂರ್ತಿಪುರಂನ ಟೀಚರ್, ನನ್ನ ಹಾಗೇ ರಿಟೈರ್ ಆದವರು. ಮೂರು ತಿಂಗಳು ಪ್ರತಿ ಭಾನುವಾರ ಮೆಟ್ಟಿಲು ಹತ್ತಿದೆವು. ಉದ್ದೇಶ ಹಿಮಾಲಯ, ಎಂಟು ದಿನದ ನಡಿಗೆ. ಟೀಚರ್ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. "ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹಿಮ ಬರೆದಿದ್ದೀನಿ ಕಣ್ರೀ. ಒಂದ್ಸಲ ಮುಟ್ಟಿ ನೋಡ್ಬೇಕು" ಅನ್ನುತ್ತಿದ್ದರು.

ಆದರೆ ಹತ್ತುವುದರಲ್ಲಿ ಅವರು ಬಲು ನಿಧಾನ. ನಂದಿಯ ಹತ್ತಿರ ಕೂರುವರು, ನೀರು ಕುಡಿಯುವರು, ಕೋತಿಗಳನ್ನು ಗದರುವರು. ನಾನು ಮೇಲೆ ಗಡಿಯಾರ ನೋಡುತ್ತಾ ನಿಂತಿರುತ್ತಿದ್ದೆ. ಇಳಿಯುವಾಗಲಂತೂ ಬಸ್ಸಿಗೇ ಬರುತ್ತಿರಲಿಲ್ಲ. ಬೆಟ್ಟದ ತಿರುವುಗಳಲ್ಲಿ ಅವರಿಗೆ ವಾಂತಿ. "ಹೆಂಗಸರಿಗೆ ಬಸ್ ಫ್ರೀ, ಆಧಾರ್ ತೋರ್ಸಿದ್ರೆ ಸಾಕು. ಆದ್ರೂ ಮಂಡಿ ಸವೆಸ್ಕೋತೀರಲ್ಲ!" ಎಂದು ನಾನು ರೇಗಿಸುತ್ತಿದ್ದೆ. ನಾವಿಬ್ಬರು ಅಗ್ರಹಾರದ ಹೋಟೆಲಿನಲ್ಲಿ ಇಡ್ಲಿ ಮುಗಿಸಿ ಎರಡನೇ ಕಾಫಿ ಹೇಳುವ ಹೊತ್ತಿಗೆ ಅವರು ಬೆಟ್ಟದ ಪಾದದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು.

ಆ ಹೋಟೆಲಿನಲ್ಲೇ ಒಂದು ನಿಯಮ ಮಾಡಿದೆ. ಹಿಮಾಲಯಕ್ಕೆ ಮೊದಲು ಕೊಡಗಿನ ಕಡೆಯ ಒಂದು ಬೆಟ್ಟಕ್ಕೆ ಹೋಗಿ ಬರೋಣ, ಬೆಳಿಗ್ಗೆಯಿಂದ ಸಂಜೆಯವರೆಗೆ, ಇಪ್ಪತ್ತು ಕಿಲೋಮೀಟರಿಗೆ ಮೇಲೆ. ಅದರಲ್ಲಿ ಕೊನೆಗೆ ವಾಪಸ್ ಬಂದವರು ಹಿಮಾಲಯಕ್ಕಿಲ್ಲ. ಅಷ್ಟು ದೂರ ಹೋಗಿ ಒಬ್ಬರಿಗಾಗಿ ಇಬ್ಬರು ಕಾಯುವುದು ಆಗದ ಮಾತು. ನಿಯಮ ಯಾರಿಗಾಗಿ ಅಂತ ಮೂವರಿಗೂ ಗೊತ್ತಿತ್ತು. ಟೀಚರ್ ಲೋಟ ತಿರುಗಿಸುತ್ತಾ "ಆಯ್ತು" ಅಂದರು.

ಬಾಡಿಗೆ ಕಾರಿನಲ್ಲಿ ಹೋದೆವು. ಟೀಚರ್ ಮೂಗಿಗೆ ನಿಂಬೆಹಣ್ಣು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದರು, ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು. ಅರಣ್ಯ ಇಲಾಖೆಯ ಗೇಟಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿದೆವು. ಸಂಜೆ ಐದರೊಳಗೆ ವಾಪಸ್ ಬಂದು ಮತ್ತೆ ಸಹಿ ಹಾಕಬೇಕು. ಜೊತೆಗೆ ಒಬ್ಬ ಗೈಡ್. ಹೊರಡುವಾಗ ಟೀಚರ ಶೂ ನೋಡಿ ನಗು ಬಂತು. ಲೇಸಿಲ್ಲದ, ಪಟ್ಟಿ ಎಳೆದು ಅಂಟಿಸುವ ಶೂ. "ಯಾವ ಮೊಮ್ಮಗೂದ್ರೀ ಇದು?" ಅಂದೆ. ಅವರೂ ನಕ್ಕರು.

ಹತ್ತುವಾಗ ನನ್ನನ್ನು ಹಿಡಿಯುವವರಿರಲಿಲ್ಲ. ಹುಲ್ಲಿನ ಏರು, ಸಣ್ಣ ಕಾಡು, ಮತ್ತೆ ಹುಲ್ಲು. ಗೈಡ್ ಕೂಡ "ಸರ್, ನಿಧಾನ" ಅಂದ. ತುದಿಯಲ್ಲಿ ಮುಕ್ಕಾಲು ಗಂಟೆ ಕಾದ ಮೇಲೆ ಟೀಚರ್ ಬಂದರು, ಮುಖ ಕೆಂಪಗೆ. ಪುಳಿಯೋಗರೆ ಡಬ್ಬಿ ತೆಗೆದು ಮೊದಲು ನನಗೇ ಕೊಟ್ಟರು. ನಾನು ಗಡಿಯಾರ ತೋರಿಸಿದೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಇಳಿಯಲು ಶುರುಮಾಡಿ ಅರ್ಧ ಗಂಟೆಯಾಗಿರಬೇಕು, ತೊಡೆ ನಡುಗತೊಡಗಿತು. ಒಂದು ಗಂಟೆಯಾಗುವಷ್ಟರಲ್ಲಿ ಬಲಗಾಲ ಮಂಡಿಯೊಳಗೆ ಮೊಳೆ ಹೊಡೆದಂತಾಯಿತು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವ ಹಾಗೆ ಮೊದಲು ಶೂ ಬೈದೆ, ಆಮೇಲೆ ದಾರಿ ಬೈದೆ, ಕೊನೆಗೆ ಗೈಡನ್ನೂ ಬೈದೆ. ಗೆಳೆಯನಿಗೂ ನೋವಿತ್ತು, ಆದರೆ ವಯಸ್ಸು ಚಿಕ್ಕದು. "ಮುಂದ್ ಓಗಿ ಗೇಟಲ್ ಏಳಿರ್ತೀನಿ" ಎಂದು ಗೈಡ್ ಜೊತೆ ಹೊರಟುಬಿಟ್ಟ. ದಾರಿ ಒಂದೇ, ತಪ್ಪುವಂಥದ್ದಲ್ಲ. ನಾನೊಂದು ಬಂಡೆಯ ಮೇಲೆ ಕೂತೆ. ಎದ್ದೇಳಲು ಆಗಲಿಲ್ಲ. ಆಗ ಹೊಳೆಯಿತು. ಮೂರು ತಿಂಗಳು ಹತ್ತುವುದನ್ನಷ್ಟೇ ಅಭ್ಯಾಸ ಮಾಡಿದ್ದೆ. ಇಳಿದಿದ್ದೆಲ್ಲ ಬಸ್ಸು.

ಹಿಂದಿನಿಂದ ಟೀಚರ್ ಬಂದು ಎದುರಿಗೆ ನಿಂತರು. ಒಂದು ಕುಟುಕು ಮಾತಿಗೆ ಕಾದಿದ್ದೆ. ಅವರು ಕೈ ಚಾಚಿದರು.

"ಏಳಿ. ಪಾದ ಅಡ್ಡ ಇಡಿ. ಮಂಡಿ ಚೂರು ಬಗ್ಗಿಸಿ. ಅಷ್ಟುದ್ದ ಹೆಜ್ಜೆ ಯಾಕೆ? ಯಾರಪ್ಪನ ಮನೆ ಗಂಟು ಹೋಗ್ತಿದೆ? ನನ್ನ ಬ್ಯಾಗ್ ಹಿಡ್ಕೊಳಿ."

"ನೀವು ಹೋಗಿ ಟೀಚರ್. ನಾನು ಬರ್ತೀನಿ."

"ಸುಮ್ನೆ ಇಳೀರಿ."

ಮೂರನೇ ಕ್ಲಾಸಿನ ಹುಡುಗನ ಹಾಗೆ ಅವರ ಬ್ಯಾಗ್ ಹಿಡಿದು ಇಳಿದೆ. ಕಡಿದಾದ ಕಡೆ ಹಿಂದುಮುಂದಾಗಿ ಇಳಿಸಿದರು. ಅವರ ಹೆಜ್ಜೆ ಒಂದೇ ಸಮ, ಎಲ್ಲೂ ಜಾರಲಿಲ್ಲ. ಕೊನೆಯ ಕಿಲೋಮೀಟರಿನಲ್ಲಿ ನನಗೆ ಅಳು ಬಂತು. ನೋವಿಗೋ, ನಾಚಿಕೆಗೋ, ಎರಡಕ್ಕೂ ಇರಬೇಕು. ಅವರು ತಿರುಗಿ ನೋಡಲಿಲ್ಲ.

ಗೇಟು ಕಾಣಿಸಿತು. ಐದಕ್ಕೆ ಹತ್ತು ನಿಮಿಷ ಇತ್ತು. ಟೀಚರ್ ನಿಂತರು. "ನೀವು ನಡೀರಿ, ನಾನು ಲೇಸ್ ಕಟ್ಕೊಂಡು ಬಂದೆ" ಎಂದು ಬಗ್ಗಿದರು. ನಾನು ಕುಂಟುತ್ತಾ ಹೋಗಿ ಸಹಿ ಹಾಕಿದೆ. ನನ್ನ ಹೆಸರಿನ ಕೆಳಗೆ ಅವರು ಹಾಕಿದರು.

ಕಾರು ಹೊರಟ ಮೇಲೆ ಗೆಳೆಯ ಹಿಂದಿನ ಸೀಟಿನಲ್ಲಿ ಕಾಲು ನೀವಿಕೊಳ್ಳುತ್ತಾ ಅಂದ, "ಅಂಗಾದ್ರೆ ರಿಜಿಸ್ಟರ್ ಪ್ರಕಾರ ಟೀಚರ್ ಲಾಸ್ಟು."

"ಹೌದಪ್ಪ, ನಾನೇ" ಅಂದರು ಟೀಚರ್, ನಿಂಬೆಹಣ್ಣು ಮೂಸುತ್ತಾ.

ಆಗ ನೆನಪಾಯಿತು, ಆ ಶೂಗೆ ಲೇಸೇ ಇಲ್ಲ.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕುಶಾಲನಗರದಲ್ಲಿ ಟೀ ಕುಡಿದೆವು, ಆಗಲೂ ಬಾಯಿಗೆ ಕಡುಬು ತುರುಕಿಕೊಂಡವನ ಹಾಗೆ ಇದ್ದೆ. ಹುಣಸೂರು ದಾಟಿತು. ಮೂರು ತಿಂಗಳು ಎಲ್ಲರ ಮುಂದೆ ಹಿಮಾಲಯ, ಹಿಮಾಲಯ ಎಂದು ಡಂಗುರ ಹೊಡೆದಿದ್ದೆ. ಮಗನಿಗೆ ಹೇಳಿದ್ದೆ, ಫ್ಯಾಕ್ಟರಿಯ ಹಳೆಯ ಗೆಳೆಯರ ಗ್ರೂಪಿನಲ್ಲಿ ಹಾಕಿದ್ದೆ. ಟೀಚರು ತಾವಾಗಿ ಒಪ್ಪಿಕೊಂಡಿದ್ದಾರಲ್ಲ, ನನ್ನದೇನು ತಪ್ಪು, ಎಂದೂ ಒಂದು ಗಳಿಗೆ ಅಂದುಕೊಂಡೆ. ಮುಂದಿನ ಸೀಟಿನಲ್ಲಿ ಅವರ ಬಿಳಿ ಜಡೆ ಕಾಣುತ್ತಿತ್ತು.

ಹಿನಕಲ್ ಫ್ಲೈಓವರ್ ಪಕ್ಕ ಕಾರು ನಿಂತಿತು. ಗೆಳೆಯ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ.

"ತಡಿ, ಇಳೀಬೇಡ" ಅಂದೆ. "ಕೊನೇಗೆ ಬಂದಿದ್ದು ನಾನು. ಟೀಚರ್ ಇಲ್ದಿದ್ರೆ ಅಲ್ಲೇ ಬಂಡೆ ಮೇಲೆ ಬಿದ್ದಿರ್ತಿದ್ದೆ. ಗೇಟಲ್ಲಿ ಬೇಕಂತ್ಲೇ ಹಿಂದೆ ನಿಂತ್ರು. ಹಿಮಾಲಯಕ್ಕೆ ನೀವಿಬ್ರೂ ಹೋಗಿ."

"ಗೊತ್ತು ಬುಡಿ" ಅಂದ ಅವನು. "ಗೇಟಲ್ ಕೂತ್ಕಂಡ್ ಎಲ್ಲಾ ನೋಡ್ದೆ. ಅಲ್ಲಿಂದ ಕಾಯ್ತಾ ಇವ್ನಿ, ನಿಮ್ ಬಾಯಲ್ಲಿ ಯಾವಾಗ ಬತ್ತದೆ ಅಂತ. ಇಳಿಯೋ ಊರೇ ಬಂದ್ಬುಡ್ತಲ್ಲ ಅಂದ್ಕಂಡೆ."

ಟೀಚರ್ ತಿರುಗಿದರು. "ನಿಯಮ ಗಿಯಮ ಬಿಡ್ರೀ, ಮೂವರೂ ಹೋಗೋಣ. ಗೇಟಲ್ಲಿ ನಿಮ್ಮ ಮುಖ ನೋಡೋಕಾಗ್ಲಿಲ್ಲ, ಅದಕ್ಕೆ ಹಾಗೆ ಮಾಡ್ದೆ."

ನಾನು ಒಪ್ಪಲಿಲ್ಲ. ಆ ನಿಯಮ ಅವರ ಮೇಲೆ ಎಸೆಯಲು ನಾನೇ ಎತ್ತಿದ್ದ ಕಲ್ಲು, ನನ್ನ ತಲೆಗೆ ಬಿದ್ದಾಗ ಮಾತ್ರ ಹೂವು ಅನ್ನಲಾಗುತ್ತದೆಯೇ?

ಅವರಿಬ್ಬರೂ ಹೋದರು. ಎರಡನೇ ದಿನ ಟೀಚರ್ ಒಂದು ಫೋಟೋ ಕಳಿಸಿದರು, ಬರೀ ಅವರ ಅಂಗೈ, ಅದರ ತುಂಬ ಹಿಮ. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಆ ಭಾನುವಾರ ಒಬ್ಬನೇ ಮೆಟ್ಟಿಲು ಹತ್ತಿದೆ. ಮೇಲೆ ಬಸ್ಸು ಹೊರಡಲು ನಿಂತಿತ್ತು. ಪರಿಚಯದ ಕಂಡಕ್ಟರ್ "ಬನ್ನಿ ಸಾರ್, ಸೀಟ್ ಇದೆ" ಎಂದು ಕರೆದ. ಇಲ್ಲಪ್ಪ ಎಂದು ತಲೆಯಾಡಿಸಿ, ಪಾದ ಅಡ್ಡ ಇಟ್ಟು ಮೊದಲ ಮೆಟ್ಟಿಲು ಇಳಿದೆ.