ಒಂದೇ ಅಳತೆಯ ಅಂಗಿ

ಹೊಸ ಬಟ್ಟೆಯ ಗಂಜಿ ವಾಸನೆ... ಮೊನ್ನೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಅವನ ಅಪ್ಪ, ಅಂದರೆ ನನ್ನ ಮಗ, ತಂದ ಪೊಟ್ಟಣ ಬಿಚ್ಚಿದಾಗ ಅದೇ ವಾಸನೆ ಬಂತು. ಒಳಗಿದ್ದದ್ದು ಪಿಚ್ಚರದ ಹಾರುವ ವೀರನ ವೇಷ: ಕೆಂಪು ಅಂಗಿ, ಬೆನ್ನಿಗೆ ಇಳಿಬಿಡುವ ನೀಲಿ ಬಟ್ಟೆ, ಕಣ್ಣಿಗೆ ಮುಖವಾಡ. ಎಂಟು ತುಂಬಿದ ನನ್ನ ಬಂಗಾರ ಅದನ್ನು ತೊಟ್ಟು ಮಂಚದಿಂದ ನೆಲಕ್ಕೆ, ನೆಲದಿಂದ ಮಂಚಕ್ಕೆ ಹಾರಿದ್ದೇ ಹಾರಿದ್ದು. ನಾನು ನಾಲ್ಕನೆಯ ಇಯತ್ತೆ ಕಲಿತವಳು, ಇಂಥ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಒಲೆಯ ಮೇಲಿನ ಹಾಲು ಉಕ್ಕಿದ ಹಾಗಾಯಿತು ಎಂದರೆ ಸಾಕೇನೋ.

ಹಾರಿ ದಣಿದವನು ನನ್ನ ತೊಡೆಯ ಮೇಲೆ ಬಂದು ಕುಳಿತ. "ಆಯಿ, ಅಪ್ಪ ಸಣ್ಣಾಂವ ಇದ್ದಾಗೂ ಇಂವ ಹಾರತಿದ್ನಂತ. ಹಂಗಾರ ಇನ್ನೂ ಮುದುಕ ಯಾಕ ಆಗಿಲ್ಲ?"

"ಪಿಚ್ಚರದಾಗ ವಯಸ್ಸ ಆಗಂಗಿಲ್ಲೋ ಯಪ್ಪಾ," ಅಂದೆ. ಅಂದವಳಿಗೆ ಬಾಜು ಮನೆಯ ವೈನಿ ಬಂದು ಎದುರಿಗೆ ನಿಂತ ಹಾಗಾಯಿತು...

ನಾವು ಆಗ ಅನಗೋಳದ ಒಂದು ಓಣಿಯಲ್ಲಿದ್ದೆವು. ಅವಳನ್ನು ಓಣಿಯೆಲ್ಲ ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿತ್ತು. ಖಾಸಬಾಗದ ಅಂಗಡಿಗಳಿಂದ ಬಟ್ಟೆ ತಂದು ಮನೆಯಲ್ಲೇ ಹೊಲಿಯುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ನನ್ನ ಮಗನ ಓರಗೆಯವನು. ಇಬ್ಬರೂ ಎಂಟು ವರ್ಷದವರಿದ್ದಾಗ ನಮ್ಮ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು, ಬಾಡಿಗೆಯ ವಿಸಿಆರಿನಲ್ಲಿ ಆ ವೀರನ ಮೊದಲ ಪಿಚ್ಚರ ನೋಡಿದರು. ವೀರ ಒಬ್ಬ ಅನಾಥ ಹುಡುಗನನ್ನು ಕಾಪಾಡಿ, ಮನೆಗೆ ತಂದು, ಹೊದಿಸಿ ಮಲಗಿಸುತ್ತಾನೆ. ಅಲ್ಲಿಗೆ ಮುಗಿಯುತ್ತದೆ. ಆ ಹುಡುಗನಿಗೂ ಎಂಟೇ ಇರಬೇಕು.

ಅದೇ ಬೇಸಿಗೆಯಲ್ಲಿ ವೈನಿ ತವರಿಗೆ, ಖಾನಾಪುರಕ್ಕೆ ಹೋದಳು. ತಿರುಗಿ ಬರುವಾಗ ಅಲ್ಲಿನ ಸ್ಟೇಶನ್ನಿನ ಗದ್ದಲದಲ್ಲಿ ಮಗನ ಕೈ ತಪ್ಪಿತು. ಹುಡುಗ ಪ್ಲಾಟ್‌ಫಾರ್ಮಿನ ಮೇಲೂ ಸಿಗಲಿಲ್ಲ, ಗಾಡಿಯಲ್ಲೂ ಸಿಗಲಿಲ್ಲ.

ಅಂದಿನಿಂದ ಅವಳು ದೀಪಾವಳಿಗೊಮ್ಮೆ ಅವನಿಗೊಂದು ಅಂಗಿ ಹೊಲಿಯುತ್ತಿದ್ದಳು. ಮಣೆಯ ಮೇಲೆ ಅದನ್ನಿಟ್ಟು, ಮಗನನ್ನೇ ಕೂರಿಸಿದ ಹಾಗೆ ಆರತಿ ಬೆಳಗುತ್ತಿದ್ದಳು. ಅಳತೆ ಮಾತ್ರ ಎಂಟು ವರ್ಷದವನದೇ. ವರ್ಷ ವರ್ಷವೂ ಅದೇ ತೋಳು, ಅದೇ ಕಾಲರು. ವಾರಕ್ಕೊಮ್ಮೆ ಆ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಖಾನಾಪುರಕ್ಕೆ ಹೋಗಿ, ಸ್ಟೇಶನ್ನಿನಲ್ಲಿ ಸಣ್ಣ ಹುಡುಗರ ಮುಖ ನೋಡಿ ಬರುತ್ತಿದ್ದಳು. ನನ್ನ ಮಗನ ಚಡ್ಡಿ ಗಿಡ್ಡಾದಾಗೆಲ್ಲ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತಿದ್ದವಳೂ ಅವಳೇ. ಅಂಥವಳಿಗೆ ಆ ಒಂದು ಅಳತೆಯ ಬಗ್ಗೆ ಯಾರು ಹೇಳಬೇಕು... ನಾವಾರೂ ಹೇಳಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು ಪಿಚ್ಚರದ ಎರಡನೆಯ ಭಾಗ ಬಂತು. ಮಗ ಸಿಡಿ ತಂದ. ರವಿವಾರ ಮಧ್ಯಾಹ್ನ. ವೈನಿ ಗುಂಡಿ ಹಚ್ಚುವ ಕೆಲಸ ಹಿಡಿದುಕೊಂಡು ನಮ್ಮಲ್ಲೇ ಬಂದು ಕುಳಿತಳು. ಕತೆ ಮೊದಲನೆಯದು ನಿಂತಲ್ಲಿಂದಲೇ, ಮರುದಿನ ಬೆಳಗಿನಿಂದ ಶುರುವಾಯಿತು. ಅದೇ ಮನೆ, ಅದೇ ಹಾಸಿಗೆ, ಅದೇ ಹೊದಿಕೆ. ಹೊದಿಕೆ ಸರಿಸಿ ಎದ್ದ ಹುಡುಗನಿಗೆ ಮಾತ್ರ ಚಿಗುರು ಮೀಸೆ, ಒಡೆದ ದನಿ.

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದ ರಾತ್ರ್ಯಾಗ ಮೀಸಿ ಬಂದಾವ ನೋಡ್ರಿ ವೈನಿ. ಹಾಸಿಗ್ಯಾಗ ಗೊಬ್ಬರ ಹಾಕಿದ್ರೋ ಏನೋ."

ವೈನಿಯ ಸೂಜಿ ನಿಂತಿತು. "ಅಂವನ ಏನೋ ಇಂವ?"

"ಹೂನ್ರಿ, ಅಂವನ. ಕತಿಯಾಗ ಮರದಿನ. ಖರೇ ಅಂದ್ರ ಮದಲನೇ ಪಿಚ್ಚರ ಆಗಿ ಆರ ವರ್ಸ ಆತಲ್ರಿ."

ಅವಳು ಪರದೆಯ ಹುಡುಗನನ್ನು ನೋಡಿದಳು. ನನ್ನ ಮಗನ ಮೇಲ್ದುಟಿಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, "ಅಕ್ಕಾ, ನಾ ಸಣ್ಣ ಹುಡುಗೂರ ಮಾರಿನ ನೋಡಕೋತ ಬಂದೇನಿ. ಮೀಸಿ ಬಂದಾವ್ರನ್ನ ನೋಡೇ ಇಲ್ಲ. ಅಂವ ನನ್ನ ಬಾಜೂಕ ಹಾದ ಹೋಗಿದ್ರ?"

ಟಿವಿಯಲ್ಲಿ ವೀರ ಹಾರುತ್ತಲೇ ಇದ್ದ.

ಎದ್ದು ಹೋದವಳು ಟೇಪು ಹಿಡಿದು ಬಂದಳು. "ಬಾರೋ, ಇಲ್ಲಿ ನಿಂದರ." ಟೇಪು ಮಗನ ಭುಜ ಮುಟ್ಟಿದಾಗ ನನಗೆ ಅಪಶಕುನ ಅನಿಸಿತು. ಬಾರದವನ ಅಂಗಿಗೆ ಇರುವ ಮಗನ ಅಳತೆ... ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ, ಅವಳ ಮುಖ ನೋಡಿ, ಮಗ ನಗು ನಿಲ್ಲಿಸಿ ತೋಳು ಚಾಚಿ ನೆಟ್ಟಗೆ ನಿಂತ. ನಾನು ಟೇಪಿನ ತುದಿ ಹಿಡಿದೆ.

ಆಮೇಲೆ ಪ್ರತಿ ದೀಪಾವಳಿಗೂ ಬಂದು ಅಳತೆ ತೆಗೆದುಕೊಂಡಳು. ನನ್ನ ಮಗ ಬೆಳೆದ ಹಾಗೆ ಮಣೆಯ ಮೇಲಿನ ಅಂಗಿಯೂ ಬೆಳೆಯಿತು. ಸ್ಟೇಶನ್ನಿನಲ್ಲಿ ಕಾಲೇಜು ಹುಡುಗರ ಮುಖ ನೋಡುತ್ತ ನಿಂತರೆ, "ಯಾರ ಬೇಕ್ರಿ ಮಾವಶಿ, ಅಳಿಯನ್ನ ಹುಡಕಾಕ ಹತ್ತೀರೇನ?" ಎಂದು ನಗುತ್ತಿದ್ದರಂತೆ. ಅವಳೂ ನಕ್ಕು ಬರುತ್ತಿದ್ದಳು. ಮಗನ ಲಗ್ನವಾದ ವರ್ಷ ಒಂದೇ ಅಳತೆಯ ಎರಡು ಅಂಗಿ ಹೊಲಿದಳು. ಒಂದನ್ನು ಇವನಿಗೆ ತೊಡಿಸಿದಳು, ಇನ್ನೊಂದನ್ನು ಮಣೆಯ ಮೇಲಿಟ್ಟಳು. ಅದೇ ಅವಳ ಕಡೆಯ ದೀಪಾವಳಿ. ಅವಳಿಗೆ ಮಣ್ಣು ಕೊಟ್ಟು ಬಂದ ಮೇಲೆ ಮಣೆಯ ಮೇಲಿನ ಆ ಅಂಗಿಯನ್ನು ನಾನು ಮನೆಗೆ ತಂದೆ.

ಮೊನ್ನೆ ಮೊಮ್ಮಗ ನಿದ್ದೆ ಹೋದ ಮೇಲೆ ಟ್ರಂಕಿನಿಂದ ಆ ಅಂಗಿಯನ್ನು ತೆಗೆದು ಮಗನ ಬೆನ್ನಿಗೆ ಹಿಡಿದು ನೋಡಿದೆ. ಹತ್ತುವುದಿಲ್ಲ. ಅವನಿಗೆ ಹೊಟ್ಟೆ ಬಂದಿದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ವೈನಿಯ ಮಗನಿಗೂ, ಎಲ್ಲಿದ್ದರೂ, ಹಾಗೇ ಆಗಿರುತ್ತದೆ. ಖಾನಾಪುರಕ್ಕೆ ಹೋದಾಗ ಈಗ ನಾನೂ ಮೊಮ್ಮಗನ ಕೈ ಬಿಗಿಯಾಗಿ ಹಿಡಿದುಕೊಂಡು, ತಲೆ ನರೆಯುತ್ತಿರುವ ಗಂಡಸರ ಮುಖ ನೋಡುತ್ತೇನೆ... ಈ ದೀಪಾವಳಿಗೆ ಅಂಗಿ ಇನ್ನಷ್ಟು ಅಗಲ ಬೇಕಿತ್ತು. ಹೊಲಿಯುವವಳಿಲ್ಲ.